ಫಿಯಟ್ ಬೇಡ ಅನ್ನುವವರಿಗೆ

ಹಳೆಯ ಫಿಯಟ್ ಪುಂಟೊ ಕೊಳ್ಳುತ್ತೇನೆ ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಬುದ್ಧಿ ಹೇಳುವವರು ಸಾಲುಗಟ್ಟಿ ಬರುತ್ತಾರೆ. ಮನೆಯಲ್ಲಿ ಭಾವ, ಆಫೀಸಿನಲ್ಲಿ ಪಕ್ಕದ ಮೇಜಿನವರು, ಬೀದಿ ಕೊನೆಯ ಗ್ಯಾರೇಜಿನವರು, ಎಲ್ಲರದೂ ಒಂದೇ ಮಾತು: "ಬೇಡಪ್ಪ, ಫಿಯಟ್ ಸಹವಾಸ ಬೇಡ. ಸ್ವಿಫ್ಟ್ ನೋಡು." ಹೀಗೆ ಹೇಳುವವರಲ್ಲಿ ಬಹುಪಾಲು ಜನ ಫಿಯಟ್ ಇಟ್ಟುಕೊಂಡವರಲ್ಲ. ಇಟ್ಟುಕೊಂಡವರ ಕತೆ ಕೇಳಿದವರು, ಇಲ್ಲವೇ ಆ ಕತೆ ಕೇಳಿದವರಿಂದ ಕೇಳಿದವರು. ಹಾಗಂತ ಅವರ ಆಕ್ಷೇಪಗಳನ್ನು ಗಾಳಿಗೆ ತೂರುವುದು ತಪ್ಪು. ಅವುಗಳಲ್ಲಿ ಕೆಲವು ನಿಜ, ಕೆಲವು ಅರ್ಧ ನಿಜ, ಇನ್ನು ಕೆಲವು ಬೇರೆ ಯಾವುದೋ ಕಾರಿನ ಮೇಲಿದ್ದ ಸಿಟ್ಟು ಈ ಕಾರಿಗೆ ಅಂಟಿಕೊಂಡದ್ದು.

ಕೈಯಲ್ಲಿ ಎರಡು ಲಕ್ಷದ ಆಸುಪಾಸು ಹಣ ಹಿಡಿದು ಕಾರು ಹುಡುಕುವ ಮನೆಗಳಿಗೆ ಈ ಚರ್ಚೆ ಹೊತ್ತು ಕಳೆಯುವ ವಿಷಯವಲ್ಲ. ಕಾರು ಕೈಕೊಟ್ಟರೆ ಇನ್ನೊಂದು ಕೊಳ್ಳುವ ತ್ರಾಣ ಅವರಿಗಿಲ್ಲ. ಅವರಿಗೆ ಹೇಳುವ ಮಾತು ಊಹೆಯ ಮೇಲೆ ನಿಂತಿರಬಾರದು. ಆದ್ದರಿಂದ ಆಕ್ಷೇಪಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

ಮೊದಲು ಯಾವ ಕಾರಿನ ಮಾತು ಅನ್ನುವುದು ಸ್ಪಷ್ಟವಾಗಲಿ. 2009ರ ಜೂನ್‌ನಲ್ಲಿ ನಮ್ಮಲ್ಲಿಗೆ ಬಂದ ಗ್ರಾಂಡೆ ಪುಂಟೊ, 2014ರಲ್ಲಿ ಮುಖ ತಿದ್ದಿಕೊಂಡು ಬಂದ ಪುಂಟೊ ಇವೊ, ಅದರಲ್ಲೂ ಮುಖ್ಯವಾಗಿ 1.3 ಮಲ್ಟಿಜೆಟ್ ಡೀಸೆಲ್. ವಿನ್ಯಾಸ ಜ್ಯೋರ್ಜೆತ್ತೊ ಜುಜಾರೊ ಅವರದು. ಕಾರುಗಳು ತಯಾರಾದದ್ದು ಪುಣೆ ಬಳಿಯ ರಂಜನ್‌ಗಾಂವ್‌ನಲ್ಲಿ.

"ಕಂಪನಿಯೇ ಊರು ಬಿಟ್ಟಿದೆ, ಸಾಮಾನು ಎಲ್ಲಿಂದ ತರ್ತೀರಿ?" ಇದು ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ. ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆಯೂ ಹೌದು, ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

2019ರ ಹೊತ್ತಿಗೆ ಫಿಯಟ್ ತನ್ನ ಹೆಸರಿನ ಕಾರುಗಳನ್ನು ಭಾರತದಲ್ಲಿ ಮಾರುವುದನ್ನು ನಿಲ್ಲಿಸಿತು. ನಿಜ. ಆದರೆ ಪುಂಟೊದ ಬಾನೆಟ್ ಕೆಳಗಿರುವ 1248 ಸಿಸಿಯ ಡೀಸೆಲ್ ಇಂಜಿನ್ ಎಲ್ಲೂ ಹೋಗಲಿಲ್ಲ. ಫಿಯಟ್ ಮತ್ತು ಜನರಲ್ ಮೋಟರ್ಸ್ ಕೈಜೋಡಿಸಿದ್ದ ಕಾಲದಲ್ಲಿ ರೂಪುಗೊಂಡು, 2003ರಲ್ಲಿ ಪೋಲೆಂಡಿನ ಕಾರ್ಖಾನೆಯಿಂದ ಹೊರಬಂದ ಇಂಜಿನ್ ಅದು. 2005ರಲ್ಲಿ ತನ್ನ ಗಾತ್ರದ ವರ್ಗದಲ್ಲಿ ವರ್ಷದ ಶ್ರೇಷ್ಠ ಇಂಜಿನ್ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿಯನ್ನೂ ಪಡೆಯಿತು. ಅದನ್ನೇ ಸುಜುಕಿ ಪರವಾನಗಿ ಪಡೆದು ಮಾನೇಸರ್‌ನಲ್ಲಿ ತಯಾರಿಸಿತು. ಮಾರುತಿಯ ಸ್ವಿಫ್ಟ್ ಡೀಸೆಲ್, ಡಿಸೈರ್, ರಿಟ್ಜ್, ಎರ್ಟಿಗಾ, ಸಿಯಾಜ್, ಬ್ರೆಜಾ ಎಲ್ಲದರಲ್ಲೂ ಇದ್ದದ್ದು ಅದೇ. ಟಾಟಾದವರು ಕ್ವಾಡ್ರಾಜೆಟ್ ಅನ್ನುವ ಹೆಸರಿಟ್ಟು ಇಂಡಿಕಾ ವಿಸ್ತಾ, ಮಾಂಜಾ, ಜೆಸ್ಟ್ ಕಾರುಗಳಿಗೆ ಕೂರಿಸಿದ್ದೂ ಅದೇ. ಮಾರುತಿ ಡೀಸೆಲ್ ಕಾರುಗಳನ್ನು ಕೈಬಿಟ್ಟದ್ದು 2020ರ ಏಪ್ರಿಲ್‌ನಲ್ಲಿ. ಇವತ್ತಿಗೂ ವಿಮಾನ ನಿಲ್ದಾಣಕ್ಕೆ ನಿಮ್ಮನ್ನು ಕರೆದೊಯ್ಯುವ ಹಳೆಯ ಡಿಸೈರ್ ಟ್ಯಾಕ್ಸಿ ಡೀಸೆಲ್ಲಾಗಿದ್ದರೆ ಅದು ಓಡುತ್ತಿರುವುದು ಇಟಲಿಯವರ ಇಂಜಿನ್ನಿನಲ್ಲಿ.

ಅಂದರೆ "ಫಿಯಟ್ ಬೇಡ, ಸ್ವಿಫ್ಟ್ ಡೀಸೆಲ್ ತಗೊಳ್ಳಿ" ಅನ್ನುವವರು ಫಿಯಟ್ ಇಂಜಿನ್ನನ್ನೇ ಹೊಗಳುತ್ತಿದ್ದಾರೆ. ಒಂದೇ ಇಂಜಿನ್ ಒಂದು ಬ್ಯಾಡ್ಜಿನಡಿ ನಂಬಿಗಸ್ತ, ಇನ್ನೊಂದು ಬ್ಯಾಡ್ಜಿನಡಿ ತಲೆನೋವು ಆಗಲು ಸಾಧ್ಯವಿಲ್ಲ. ಪಿಸ್ಟನ್, ರಿಂಗು, ಬೇರಿಂಗು, ಟೈಮಿಂಗ್ ಚೈನು, ಹೆಡ್ ಗ್ಯಾಸ್ಕೆಟ್ಟು ಇವೆಲ್ಲ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮಾತ್ರ ಅಲ್ಲ, ಜಿಲ್ಲಾ ಕೇಂದ್ರಗಳ ಸ್ಪೇರ್ ಅಂಗಡಿಗಳಲ್ಲೂ ಸಿಗುವಂಥವು. ಇಂಜಿನ್ ಕೈಗೆ ಬಂದರೆ ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ, ಯಾಕೆಂದರೆ ಅವರು ಹತ್ತಾರು ಟ್ಯಾಕ್ಸಿಗಳಲ್ಲಿ ಅದನ್ನು ಬಿಚ್ಚಿ ಜೋಡಿಸಿದ್ದಾರೆ.

ಹಾಗಾದರೆ ಎಲ್ಲವೂ ಸಲೀಸೇ? ಇಲ್ಲ. ಇಂಜಿನ್ನಿನ ಹೊರಗೆ ಬಂದರೆ ಲೆಕ್ಕ ಬೇರೆ. ಹೆಡ್‌ಲ್ಯಾಂಪ್, ಟೇಲ್‌ಲ್ಯಾಂಪ್, ಬಂಪರ್, ಬಾಗಿಲ ಹಿಡಿಕೆ, ಸ್ಟಿಯರಿಂಗ್ ರ‍್ಯಾಕ್, ಇಂಜಿನ್ ಕಂಟ್ರೋಲ್ ಯುನಿಟ್, ಇವು ಪುಂಟೊದ್ದೇ ಆಗಬೇಕು, ಮಾರುತಿಯದು ಕೂರುವುದಿಲ್ಲ. ಬೆಂಗಳೂರಿನಂಥ ಊರುಗಳಲ್ಲಿ ಫಿಯಟ್‌ನ ಬಳಗಕ್ಕೇ ಸೇರಿದ ಜೀಪ್ ವರ್ಕ್‌ಶಾಪಿನ ಮೂಲಕ ಕೆಲವು ಬರುತ್ತವೆ, ಕಾಯಬೇಕು. ಮಿಕ್ಕದ್ದಕ್ಕೆ ಗುಜರಿ ಮತ್ತು ಹಳೆಯ ಫಿಯಟ್ ಮಾಲೀಕರ ಬಳಗವೇ ಗತಿ. ಆದ್ದರಿಂದ ನನ್ನ ಸಲಹೆ ಇಷ್ಟೇ: ಕೊಳ್ಳುವಾಗ ಇಂಜಿನ್ ನೋಡುವಷ್ಟೇ ಶ್ರದ್ಧೆಯಿಂದ ದೀಪ, ಗಾಜು, ಬಂಪರ್ ನೋಡಿ. ಒಡೆದ ಹೆಡ್‌ಲ್ಯಾಂಪಿನ ಕಾರನ್ನು ಹದಿನೈದು ಸಾವಿರ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ಇಂಜಿನ್ನಿಗೆ ದಾರಿ ಇದೆ, ಒಡೆದ ದೀಪಕ್ಕೆ ವಾರಗಟ್ಟಲೆ ಅಲೆದಾಟ.

ಕಂಪನಿ ಹೋದ ಮೇಲೆ ಕಾರೂ ಹೋಯಿತು ಅನ್ನುವ ನಂಬಿಕೆಗೆ ನಮ್ಮ ದೇಶದಲ್ಲೇ ಎದುರು ಸಾಕ್ಷಿ ಇದೆ. ಫಿಯಟ್ 1100ರ ವಂಶದ ಪ್ರೀಮಿಯರ್ ಪದ್ಮಿನಿಯ ತಯಾರಿಕೆ ಮುಂಬಯಿಯ ಕುರ್ಲಾದಲ್ಲಿ 2000ದ ಆಸುಪಾಸಿನಲ್ಲಿ ನಿಂತಿತು. ಆದರೆ ಅಲ್ಲಿನ ಕೊನೆಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿದದ್ದು 2023ರ ಅಕ್ಟೋಬರ್‌ನಲ್ಲಿ. ಅದು ಇಳಿದದ್ದು ಟ್ಯಾಕ್ಸಿಗೆ ಸರ್ಕಾರ ಹಾಕಿದ 20 ವರ್ಷದ ಮಿತಿ ಮುಗಿದದ್ದರಿಂದ, ಸಾಮಾನು ಸಿಗದೆ ಅಲ್ಲ. ಹಗಲೂ ರಾತ್ರಿ ದುಡಿಯುವ ಟ್ಯಾಕ್ಸಿಯನ್ನು ಕಂಪನಿಯ ಹಂಗಿಲ್ಲದೆ ಅಷ್ಟು ಕಾಲ ಓಡಿಸಿದ್ದು ಬೀದಿಯ ಮೆಕ್ಯಾನಿಕ್‌ಗಳು. ವಾರಕ್ಕೆರಡು ಸಲ ಪೇಟೆಗೆ, ತಿಂಗಳಿಗೊಮ್ಮೆ ಊರಿಗೆ ಹೋಗುವ ಮನೆಯ ಕಾರನ್ನು ಅವರು ಸಂಭಾಳಿಸಲಾರರೇ?

"ಫಿಯಟ್ ಮೈಲೇಜ್ ಕೊಡಲ್ಲ" ಅನ್ನುವುದು ಎರಡನೆಯದು. ಈ ಅಪವಾದದ ಹುಟ್ಟು ನನಗೆ ಗೊತ್ತು. 2001ರ ಸೆಪ್ಟೆಂಬರ್‌ನಲ್ಲಿ ಫಿಯಟ್ ಪಾಲಿಯೊ ಬಂತು. ಸಚಿನ್ ತೆಂಡೂಲ್ಕರ್ ಅದರ ಪ್ರಚಾರಕ್ಕೆ ನಿಂತರು. ಗಟ್ಟಿ ಬಾಡಿ, ಭಾರದ ಬಾಗಿಲು, ಹೆದ್ದಾರಿಯಲ್ಲಿ ನೆಲ ಕಚ್ಚಿದ ಹಾಗೆ ಓಟ. ಆದರೆ 1.2 ಪೆಟ್ರೋಲ್ ಇಂಜಿನ್ ಆ ಭಾರವನ್ನು ಊರೊಳಗೆ ಎಳೆಯುವಾಗ ಪೆಟ್ರೋಲ್ ಕುಡಿಯುತ್ತಿತ್ತು, 1.6 ಅದಕ್ಕಿಂತ ಹೆಚ್ಚು. ಪಾಲಿಯೊ ಇಟ್ಟುಕೊಂಡವರು ದೂರಿದ್ದರಲ್ಲಿ ಸುಳ್ಳಿರಲಿಲ್ಲ. ಮೈಲೇಜೇ ಮುಖ್ಯ ಅನ್ನುವವರಿಗೆ ಪೆಟ್ರೋಲ್ ಪಾಲಿಯೊವನ್ನು ನಾನೂ ಬೇಡ ಅನ್ನುತ್ತೇನೆ.

ಮಲ್ಟಿಜೆಟ್ ಪುಂಟೊಗೆ ಆ ದೂರು ಸಲ್ಲುವುದಿಲ್ಲ. ಡೀಸೆಲ್ಲನ್ನು ಒಂದೇ ಪೈಪಿನಲ್ಲಿ ಭಾರಿ ಒತ್ತಡದಲ್ಲಿ ಹಿಡಿದಿಟ್ಟು, ಬೇಕಾದ ಕ್ಷಣಕ್ಕೆ ಬೇಕಾದಷ್ಟನ್ನೇ ಸಿಂಪಡಿಸುವ ಕಾಮನ್ ರೈಲ್ ತಂತ್ರವನ್ನು ಕಾರುಗಳಿಗೆ ಹೊಂದಿಸುವಲ್ಲಿ ಫಿಯಟ್ ಸಂಶೋಧಕರ ಪಾಲು ದೊಡ್ಡದು. 1997ರ ಆಲ್ಫಾ ರೋಮಿಯೊ 156 ಆ ತಂತ್ರ ಹೊತ್ತು ಮಾರಾಟಕ್ಕೆ ಬಂದ ಮೊದಲ ಕಾರು. ಮಲ್ಟಿಜೆಟ್ ಅದರ ಮುಂದಿನ ಮೆಟ್ಟಿಲು: ಒಂದೇ ಸುತ್ತಿನಲ್ಲಿ ಇಂಧನವನ್ನು ಹಲವು ಸಣ್ಣ ಸಣ್ಣ ಚಿಮುಕಿಗಳಾಗಿ ಒಡೆಯುತ್ತದೆ. ಹಾಗಾಗಿ ಸದ್ದು ಕಡಿಮೆ, ಇಂಧನದ ಉಳಿತಾಯ ಹೆಚ್ಚು. ನನ್ನ ಪುಂಟೊ ಬೆಂಗಳೂರಿನ ಸಿಗ್ನಲ್ಲುಗಳ ನಡುವೆ ಲೀಟರಿಗೆ 14-15 ಕಿ.ಮೀ., ಹಾಸನದ ಹೆದ್ದಾರಿಯಲ್ಲಿ 19-20 ಕೊಡುತ್ತದೆ. ಇದೇ ಇಂಜಿನ್ನಿನ ಸ್ವಿಫ್ಟ್ ಒಂದೆರಡು ಕಿ.ಮೀ. ಹೆಚ್ಚು ಕೊಡಬಹುದು, ಅದು ಹಗುರ. ವರ್ಷಕ್ಕೆ ಎಂಟು ಸಾವಿರ ಕಿ.ಮೀ. ಓಡುವ ಮನೆಗೆ ಆ ವ್ಯತ್ಯಾಸ ಕೆಲವು ಸಾವಿರ ರೂಪಾಯಿ. ಹಾಗೆಯೇ ಅದೇ ವರ್ಷದ ಸ್ವಿಫ್ಟ್ ಡೀಸೆಲ್‌ಗೆ ನೀವು ಮೊದಲೇ ಎಷ್ಟು ಹೆಚ್ಚು ಕೊಡುತ್ತೀರಿ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

"ಮಾರುವಾಗ ಮೂರು ಕಾಸು ಹುಟ್ಟಲ್ಲ." ಹುಟ್ಟುವುದಿಲ್ಲ, ಒಪ್ಪಿದೆ. ಆದರೆ ಈ ಮಾತು ಹೊಸ ಕಾರು ಕೊಳ್ಳುವವರಿಗೆ ಹೇಳಬೇಕಾದದ್ದು. ಎಂಟು ಲಕ್ಷದ ಹೊಸ ಕಾರು ಐದಾರು ವರ್ಷದಲ್ಲಿ ಅರ್ಧ ಬೆಲೆಗೆ ಇಳಿದರೆ ನಷ್ಟ ನಾಲ್ಕು ಲಕ್ಷ. ಎರಡು ಲಕ್ಷದ ಪುಂಟೊ ಅರ್ಧಕ್ಕಿಳಿದರೆ ಒಂದು ಲಕ್ಷ. ಪೂರ್ತಿ ಗುಜರಿಗೆ ಹೋದರೂ ಎರಡು ಲಕ್ಷ ದಾಟುವುದಿಲ್ಲ. ಮೊದಲ ಮಾಲೀಕರು ಬೆಲೆ ಇಳಿತದ ಪೆಟ್ಟು ತಿಂದಾಗಿದೆ. ಆ ಪೆಟ್ಟಿನ ಲಾಭ ಎರಡನೆಯ, ಮೂರನೆಯ ಮಾಲೀಕರಿಗೆ. ಅತಿ ಅಗ್ಗದ ಹೊಸ ಕಾರು ಕೂಡ ತೆರಿಗೆ, ವಿಮೆ ಸೇರಿ ರಸ್ತೆಗಿಳಿಯುವ ಹೊತ್ತಿಗೆ ನಾಲ್ಕು ಲಕ್ಷ ದಾಟುತ್ತದೆ, ಹೆಚ್ಚಿನವರಿಗೆ ಅದು ಸಾಲದ ಕಂತು. ಕಂತು ಕಟ್ಟಬೇಕಿದ್ದ ದುಡ್ಡಿನಲ್ಲಿ ಮೊದಲ ವರ್ಷವೇ ನಲವತ್ತು ಐವತ್ತು ಸಾವಿರ ತೆಗೆದಿಟ್ಟು, ಕ್ಲಚ್, ಟೈರು, ಬುಷ್, ಬ್ಯಾಟರಿ, ಕೂಲೆಂಟ್ ಪೈಪುಗಳನ್ನು ಹೊಸದು ಮಾಡಿಸಿ. ಹಳೆಯ ಕಾರನ್ನು ಕೊಂಡ ಬೆಲೆಗೇ ಓಡಿಸಬಹುದು ಅಂದುಕೊಂಡವರೇ ಮುಂದೆ ಅದನ್ನು ಬಯ್ಯುತ್ತಾ ತಿರುಗುವವರು.

ಫಿಯಟ್‌ನ ಬೆಲೆ ಯಾಕಿಷ್ಟು ಬಿತ್ತು ಅನ್ನುವುದನ್ನೂ ಹೇಳಬೇಕು. ಕಂಪನಿ ನಮ್ಮಲ್ಲಿ ಪದೇ ಪದೇ ಮನೆ ಬದಲಿಸಿತು. ಮೊದಲು ಪ್ರೀಮಿಯರ್ ಜೊತೆ, ಆಮೇಲೆ ತಾನೇ, ಆಮೇಲೆ ಟಾಟಾ ಶೋರೂಮುಗಳಲ್ಲಿ, 2012ರ ನಂತರ ಮತ್ತೆ ತಾನೇ. ಪ್ರತಿ ಸಲವೂ ಡೀಲರ್ ಬದಲು, ಸರ್ವಿಸ್ ಸೆಂಟರ್ ಬದಲು, ಗಿರಾಕಿ ಮಾತ್ರ ಬೀದಿಯಲ್ಲಿ. ಆ ಸಿಟ್ಟು ನ್ಯಾಯವಾದದ್ದು, ನನಗೂ ಇದೆ. ಒಳ್ಳೆಯ ಕಾರು ಮಾಡಿ ಅದನ್ನು ಕೊಂಡವರನ್ನು ಹಾಗೆ ನಡೆಸಿಕೊಳ್ಳಬಾರದಿತ್ತು. ಆದರೆ ಅಂಗಡಿಯವರ ತಪ್ಪಿಗೆ ಬಿದ್ದ ಬೆಲೆಯನ್ನು ಕಾರಿನ ಗುಣ ಬಿದ್ದದ್ದೆಂದು ಓದುವುದು ಸರಿಯಲ್ಲ.

ಈಗ ವೈರಿಂಗಿನ ವಿಷಯ. "ಇಟಲಿ ಕಾರು ಅಂದ್ರೆ ಎಲೆಕ್ಟ್ರಿಕಲ್ ಕಾಟ. ಸುಮ್‌ಸುಮ್ನೆ ದೀಪ ಹತ್ತುತ್ತೆ, ಸ್ಟಾರ್ಟ್ ಆಗಲ್ಲ." ಈ ಆಕ್ಷೇಪಕ್ಕೆ ಬಾಯಿಮಾತಿನ ಉತ್ತರ ಸಾಲದು, ಬಾನೆಟ್ ಎತ್ತಬೇಕು.

ಬ್ಯಾಟರಿಯ ನೆಗೆಟಿವ್ ತುದಿಯಿಂದ ಒಂದು ಕೇಬಲ್ ಬಾಡಿಗೂ ಗೇರ್‌ಬಾಕ್ಸಿಗೂ ಹೋಗುತ್ತದೆ. ಗ್ಯಾರೇಜಿನವರು ಅರ್ಥಿಂಗ್ ಅನ್ನುವುದು ಇದನ್ನೇ. ಕಾರಿನ ಒಂದೊಂದು ದೀಪಕ್ಕೂ ಮೋಟರಿಗೂ ಹೋದ ಕರೆಂಟು ಮರಳಿ ಬರುವ ದಾರಿ ಅದು. ಹತ್ತು ಮಳೆಗಾಲ ಕಂಡ ಕಾರಿನಲ್ಲಿ, ಅದರಲ್ಲೂ ಮಂಗಳೂರು, ಕಾರವಾರದ ಕಡೆಯದಾದರೆ, ಬೋಲ್ಟಿನ ಕೆಳಗೆ ತುಕ್ಕು ಕಟ್ಟುತ್ತದೆ. ತಾಮ್ರದ ಎಳೆಗಳ ಮೇಲೆ ಹಸಿರು ಪುಡಿ ಕೂರುತ್ತದೆ. ಮೇಲಿಂದ ನೋಡಿದರೆ ಕೇಬಲ್ ಗಟ್ಟಿಯಾಗಿಯೇ ಕೂತಿರುತ್ತದೆ. ಆದರೆ ಕೀಲಿ ತಿರುಗಿಸಿದಾಗ ಸ್ಟಾರ್ಟರ್ ನರಳುತ್ತದೆ, ಮೀಟರಿನ ಮುಖದಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎಚ್ಚರಿಕೆಯ ದೀಪಗಳು ಹತ್ತುತ್ತವೆ, ಪವರ್ ವಿಂಡೋ ಅರ್ಧದಲ್ಲಿ ಉಸಿರು ಬಿಡುತ್ತದೆ. ಪುಂಟೊದ ಕಂಪ್ಯೂಟರ್‌ಗಳು ವೋಲ್ಟೇಜಿನ ಏರಿಳಿತವನ್ನು ಸಹಿಸುವುದಿಲ್ಲ, ಒಡನೆ ದೂರು ಹೇಳುತ್ತವೆ. ಅವಸರದ ಗ್ಯಾರೇಜಿನವರು ಬ್ಯಾಟರಿ ಬದಲಿಸುತ್ತಾರೆ, ಆಮೇಲೆ ಆಲ್ಟರ್ನೇಟರ್, ಆಮೇಲೆ ಕಂಟ್ರೋಲ್ ಯುನಿಟ್ಟೇ ಹೋಗಿದೆ ಅನ್ನುತ್ತಾರೆ.

ಮಾಡಬೇಕಾದದ್ದು ಬೇರೆ. ಮುನ್ನೂರು ನಾನೂರು ರೂಪಾಯಿಯ ಮಲ್ಟಿಮೀಟರ್ ತನ್ನಿ. ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಇಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಹಿಡಿದು, ಇನ್ನೊಬ್ಬರಿಗೆ ಸ್ಟಾರ್ಟ್ ಮಾಡಲು ಹೇಳಿ. ಆ ಹೊತ್ತಿನಲ್ಲಿ ಮೀಟರು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿತೆಂದರೆ ಕರೆಂಟು ಮರಳುವ ದಾರಿಯಲ್ಲಿ ಅಡ್ಡಿ ಇದೆ. ಕೇಬಲ್ ಬಿಚ್ಚಿ, ಎರಡೂ ತುದಿ ಮತ್ತು ಅವು ಕೂರುವ ಜಾಗವನ್ನು ಲೋಹ ಮಿನುಗುವವರೆಗೆ ಉಪ್ಪು ಕಾಗದದಲ್ಲಿ ತಿಕ್ಕಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಎಳೆಗಳು ಹರಿದಿದ್ದರೆ ಹೊಸ ಕೇಬಲ್ ಹಾಕಿಸಿ. ನಾನು ಕಂಡ ಪುಂಟೊಗಳ ವಿದ್ಯುತ್ ಕಾಟದಲ್ಲಿ ಹೆಚ್ಚಿನವು ಇಷ್ಟಕ್ಕೇ ತೀರಿವೆ. ಎಲ್ಲವೂ ಅಲ್ಲ, ಹೆಚ್ಚಿನವು.

ಇದೇ ಸಾಲಿನಲ್ಲಿ ಕೀಲಿಯ ಮಾತೂ ಬರುತ್ತದೆ. ಪುಂಟೊದ ಕೀಲಿಯಲ್ಲಿ ಚಿಪ್ ಇರುತ್ತದೆ, ಅದು ಕಾರಿನ ಕಂಪ್ಯೂಟರಿಗೆ ಪರಿಚಯ ಹೇಳದಿದ್ದರೆ ಇಂಜಿನ್ ಹತ್ತುವುದಿಲ್ಲ. ಕಾರು ಕೊಳ್ಳುವಾಗ ಎರಡೂ ಕೀಲಿ, ಅದರ ಜೊತೆ ಕೊಟ್ಟ ಕೋಡ್ ಕಾರ್ಡ್ ಕೇಳಿ ಪಡೆಯಿರಿ. ಒಂದೇ ಕೀಲಿ ಇದೆ, ಕಾರ್ಡ್ ಕಳೆದಿದೆ ಅಂದರೆ ಬೆಲೆಯಲ್ಲಿ ಇಳಿಸಿ ಕೇಳಲು ಅದು ಸರಿಯಾದ ಕಾರಣ.

"ಹಿಂದಿನ ಸೀಟು ಇಕ್ಕಟ್ಟು, ಕ್ಲಚ್ ಪಕ್ಕ ಎಡಗಾಲಿಡಲು ಜಾಗವಿಲ್ಲ." ಸರಿ, ಎರಡೂ ನಿಜ. ಎತ್ತರದ ಮಂದಿ ಹಿಂದೆ ಕೂರುವ ಮನೆಯಾದರೆ ಬೇರೆ ಕಾರು ನೋಡಿ. ಇದಕ್ಕೆ ವಾದ ಬೇಕಿಲ್ಲ.

ಸುರಕ್ಷತೆಯ ವಿಷಯದಲ್ಲಿ ನನ್ನ ತಕರಾರು ಇರುವುದು ಫಿಯಟ್ ಅಭಿಮಾನಿಗಳ ಮೇಲೆ. "ಟ್ಯಾಂಕ್ ಇದ್ದ ಹಾಗಿದೆ, ಬಾಗಿಲು ಹಾಕಿ ನೋಡಿ" ಅನ್ನುತ್ತಾರೆ. ಬಾಗಿಲಿನ ಸದ್ದು ಅಪಘಾತದಲ್ಲಿ ಯಾರನ್ನೂ ಉಳಿಸುವುದಿಲ್ಲ. ಯುರೋಪಿನ ಗ್ರಾಂಡೆ ಪುಂಟೊ 2005ರಲ್ಲಿ ಯುರೋ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದದ್ದು ನಿಜ. ಅದೇ ಸಂಸ್ಥೆ 2017ರಲ್ಲಿ, ಆ ಹೊತ್ತಿಗೆ ಬಿಗಿಯಾಗಿದ್ದ ನಿಯಮಗಳಡಿ ಪುಂಟೊವನ್ನು ಮತ್ತೆ ಪರೀಕ್ಷಿಸಿ ಸೊನ್ನೆ ಕೊಟ್ಟದ್ದೂ ಅಷ್ಟೇ ನಿಜ. ಮೇಲಾಗಿ ಯುರೋಪಿನಲ್ಲಿ ಪರೀಕ್ಷೆಗೆ ನಿಂತ ಕಾರು, ಇಲ್ಲಿ ಮಾರಿದ ಕಾರು ಎರಡೂ ಒಂದಲ್ಲ. ನಮ್ಮಲ್ಲಿ ಕೆಳಹಂತದ ಮಾಡೆಲ್‌ಗಳಿಗೆ ಏರ್‌ಬ್ಯಾಗೇ ಇರಲಿಲ್ಲ. ಆದ್ದರಿಂದ ಎರಡು ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವ ಮೇಲ್ಹಂತದ ಮಾಡೆಲ್ಲನ್ನೇ ಹುಡುಕಿ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಅದಕ್ಕೂ ಕೆಳಹಂತದ್ದಕ್ಕೂ ಬೆಲೆಯ ಅಂತರ ಸಣ್ಣದು. ಹಳೆಯ ಪುಂಟೊ ಇಂದಿನ ಐದು ನಕ್ಷತ್ರದ ಹೊಸ ಕಾರಿನಷ್ಟು ಸುರಕ್ಷಿತ ಅಂತ ಯಾರು ಹೇಳಿದರೂ ನಂಬಬೇಡಿ. ನನ್ನ ವಾದ ಸೀಮಿತವಾದದ್ದು: ಅದೇ ಬೆಲೆಗೆ ಸಿಗುವ ಬೇರೆ ಹಳೆಯ ಕಾರುಗಳ ನಡುವೆ ಏರ್‌ಬ್ಯಾಗ್, ಎಬಿಎಸ್, ನಾಲ್ಕು ಒಳ್ಳೆಯ ಟೈರುಗಳ ಪುಂಟೊ ಹಿಂದೆ ಬೀಳುವುದಿಲ್ಲ.

"ಹದಿನೈದು ವರ್ಷ ಆದ್ಮೇಲೆ ಸರ್ಕಾರ ಎತ್ತಾಕೊಂಡು ಹೋಗುತ್ತೆ" ಅನ್ನುವ ಹೆದರಿಕೆ ದೆಹಲಿಯಿಂದ ಬಂದದ್ದು. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ಆ ಕಟ್ಟಳೆ ರಾಜಧಾನಿ ಪ್ರದೇಶಕ್ಕೆ ಸೇರಿದ್ದು. ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಹದಿನೈದು ವರ್ಷ ತುಂಬಿದಾಗ ಆರ್‌ಟಿಒದಲ್ಲಿ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಆರ್‌ಸಿಯನ್ನು ಐದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರಿಗೆ ಅದನ್ನು 10,000 ಮಾಡಿದೆ. 2011ರ ಪುಂಟೊ ಕೊಳ್ಳುವವರಿಗೆ ಈ ಖರ್ಚು ಹೊಸ್ತಿಲಲ್ಲೇ ನಿಂತಿದೆ, ಚೌಕಾಶಿಯಲ್ಲಿ ಅದನ್ನು ಸೇರಿಸಿಕೊಳ್ಳಿ. ದೆಹಲಿಗೆ ವರ್ಗವಾಗುವ ನೌಕರಿಯವರು ಮಾತ್ರ ಹಳೆಯ ಡೀಸೆಲ್ ತಂಟೆಗೆ ಹೋಗದಿರುವುದು ಒಳ್ಳೆಯದು.

ಪೆಟ್ರೋಲ್ ಪುಂಟೊದವರಿಗೆ ಇನ್ನೊಂದು ಚಿಂತೆ ಇದೆ, ಎಥನಾಲ್. ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ಎಲ್ಲ ಬಂಕುಗಳಲ್ಲೂ ಬಂದಿದೆ. ಹಳೆಯ ಕಾರುಗಳ ರಬ್ಬರ್ ಪೈಪು, ಸೀಲುಗಳನ್ನು ಅದಕ್ಕೆಂದು ಮಾಡಿರಲಿಲ್ಲ. ಇದು ಫಿಯಟ್ ಒಂದರ ಪಾಡಲ್ಲ, ಆ ಕಾಲದ ಎಲ್ಲ ಪೆಟ್ರೋಲ್ ಕಾರುಗಳದು. ಇಂಧನದ ಪೈಪುಗಳನ್ನು ಎಥನಾಲ್ ತಾಳುವ ಹೊಸ ಪೈಪುಗಳಿಗೆ ಬದಲಿಸಿ, ಆಗಾಗ ಮೂಗಿಟ್ಟು ವಾಸನೆ ನೋಡಿಕೊಳ್ಳಿ.

ಕಡೆಯ ಆಕ್ಷೇಪ ನನಗೆ ಹೆಚ್ಚು ನೋವು ಕೊಡುವುದು: "ಇದೆಲ್ಲ ಕಾರು ಹುಚ್ಚರ ಶೋಕಿ. ಸಂಸಾರಸ್ಥರಿಗಲ್ಲ."

ಇತಿಹಾಸ ಪೂರ್ತಿ ಇದಕ್ಕೆ ವಿರುದ್ಧವಾಗಿದೆ. ಇಟಲಿಯವರು ಸಣ್ಣ ಕಾರು ಮಾಡಲು ಕಲಿತದ್ದೇ ಸಂಸಾರಸ್ಥರಿಗಾಗಿ. ದಾಂತೆ ಜಕೋಸಾ ಎಂಬ ಎಂಜಿನಿಯರ್ 1936ರಲ್ಲಿ ತೊಪೊಲೀನೊ, 1957ರಲ್ಲಿ ಹೊಸ ಫಿಯಟ್ 500 ರೂಪಿಸಿದ್ದು ಕಡಿಮೆ ಸಂಬಳ, ಕಿರಿದಾದ ಬೀದಿ, ದುಬಾರಿ ಪೆಟ್ರೋಲ್ ಇರುವ ಮನೆಗಳಿಗೆ. ಎರಡನೆಯದರ ಇಂಜಿನ್ 479 ಸಿಸಿ, ಇಂದಿನ ದೊಡ್ಡ ಬೈಕುಗಳಷ್ಟು. ನಮ್ಮಲ್ಲಿ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು 1964ರಲ್ಲಿ ಮನೆಗೆಂದು ಕೊಂಡದ್ದು ಫಿಯಟ್. ಬೆಲೆ 12,000 ರೂಪಾಯಿ, ಅದರಲ್ಲಿ 5,000 ಬ್ಯಾಂಕ್ ಸಾಲ. ಅವರು ತೀರಿಕೊಂಡ ಮೇಲೆ ಆ ಸಾಲವನ್ನು ಪತ್ನಿ ಲಲಿತಾ ಶಾಸ್ತ್ರಿಯವರು ಪಿಂಚಣಿಯಿಂದ ತೀರಿಸಿದರು. ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ನಮ್ಮ ಊರುಗಳಲ್ಲಿ ಫಿಯಟ್ ಅಂದರೆ ಡಾಕ್ಟರು, ವಕೀಲರು, ಕಾಲೇಜು ಮೇಷ್ಟ್ರುಗಳ ಕಾರಾಗಿತ್ತು. ಶ್ರೀಮಂತರ ಶೋಕಿ ಅದಾಗಿರಲಿಲ್ಲ.

ಓಡಿಸುವ ಸುಖ ಸಂಸಾರಸ್ಥರಿಗೆ ಬೇಡವೆಂದು ತೀರ್ಮಾನಿಸಿದವರು ಯಾರು? ಚಾರ್ಮಾಡಿ ಘಾಟಿಯನ್ನು ಪುಂಟೊದಲ್ಲಿ ಹತ್ತಿ ನೋಡಿ. ಕೊಟ್ಟಿಗೆಹಾರದ ಕಡೆಗೆ ಏರುವ ತಿರುವುಗಳಲ್ಲಿ ಸ್ಟಿಯರಿಂಗ್ ಕೈಗೆ ತೂಕ ಕೊಡುತ್ತದೆ. ಅದು ಹೈಡ್ರಾಲಿಕ್, ಇಂದಿನ ಎಲೆಕ್ಟ್ರಿಕ್ ಸ್ಟಿಯರಿಂಗಿನ ಹಾಗೆ ಹಗುರಾಗಿ ತೇಲುವುದಿಲ್ಲ. ಮುಂದಿನ ಚಕ್ರ ಒದ್ದೆ ಡಾಂಬರಿನ ಮೇಲಿದೆಯೋ, ಅಂಚಿನ ಜಲ್ಲಿಗೆ ಇಳಿಯಿತೋ ಅನ್ನುವುದು ಅಂಗೈಗೆ ಗೊತ್ತಾಗುತ್ತದೆ. ಗುಂಡಿ ಬಿದ್ದ ಕಡೆ ಬಾಡಿ ಎದ್ದು ಕುಣಿಯದೆ ಒಂದೇ ಸಲ ಇಳಿದು ನಿಲ್ಲುತ್ತದೆ. ಮನೆಮಂದಿಯನ್ನು ಕೂರಿಸಿಕೊಂಡು ಮಳೆಯಲ್ಲಿ ಘಾಟಿ ಇಳಿಯುವವರಿಗೆ ಈ ಹಿಡಿತ ಶೋಕಿಯ ವಸ್ತುವಲ್ಲ. ಎರಡು ಲಕ್ಷಕ್ಕೆ ಇಂಥ ಓಟದ ಕಾರು ಸಿಗುತ್ತಿರುವಾಗ, ಕಡಿಮೆ ದುಡ್ಡಿನವರು ಸಪ್ಪೆ ಕಾರಿಗೇ ತೃಪ್ತಿಪಡಬೇಕು ಅನ್ನುವ ಸಲಹೆಯನ್ನು ನಾನು ಒಪ್ಪಲಾರೆ.

ಹಾಗಂತ ಕಂಡ ಪುಂಟೊವನ್ನೆಲ್ಲ ಕೊಳ್ಳಿ ಅನ್ನುತ್ತಿಲ್ಲ. ಬೆಳಿಗ್ಗೆ ಮಾಲೀಕರು ಸ್ಟಾರ್ಟ್ ಮಾಡುವ ಮೊದಲೇ ಹೋಗಿ. ಬಾನೆಟ್ ಮುಟ್ಟಿ ನೋಡಿ, ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿರುವ ಇಂಜಿನ್ ಹತ್ತಿದಾಗ ಚೈನಿನ ಕಡೆಯಿಂದ ಕಲ್ಲು ಅಲುಗಿದಂಥ ಗಲಗಲ ಸದ್ದು ಬಂದು ನಿಲ್ಲದಿದ್ದರೆ, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸದ ಕಾರು ಅದು. ಹಂಪ್ ಮೇಲೆ ನಿಧಾನ ಹತ್ತಿಸಿ ಮುಂದಿನ ಲೋಯರ್ ಆರ್ಮ್ ಬುಷ್‌ಗಳ ಕಟಕಟ ಕೇಳಿ. ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ ಕೂಗಿ ಕಾರು ಓಡದಿದ್ದರೆ ಕ್ಲಚ್ ಮುಗಿದಿದೆ. ಬುಷ್, ಕ್ಲಚ್ ಎರಡೂ ದುಡ್ಡಿಗೆ ಸಿಗುವಂಥವು, ಬೆಲೆ ಇಳಿಸಿಕೊಳ್ಳಿ. ಚೈನಿನ ಸದ್ದಿನ ಕಾರನ್ನು ಮಾತ್ರ ಬಿಟ್ಟು ಬನ್ನಿ. ಆರ್‌ಸಿಯಲ್ಲಿ ಬ್ಯಾಂಕ್ ಸಾಲದ ನಮೂದು ತೆಗೆದಿದೆಯೇ, ಬೇರೆ ರಾಜ್ಯದ ಕಾರಾದರೆ ಎನ್‌ಒಸಿ ಇದೆಯೇ, ಇಲ್ಲಿ ತೆರಿಗೆ ಎಷ್ಟು ಬೀಳುತ್ತದೆ ಅನ್ನುವುದನ್ನು ಮುಂಗಡ ಕೊಡುವ ಮೊದಲೇ ನೋಡಿ.

ಮನೆಗೆ ಐವತ್ತು ಕಿ.ಮೀ. ಒಳಗೆ ಡೀಸೆಲ್ ಕೆಲಸ ಬಲ್ಲ ಒಬ್ಬ ಮೆಕ್ಯಾನಿಕ್ ಇಲ್ಲದಿದ್ದರೆ, ಮೊದಲ ವರ್ಷದ ರಿಪೇರಿಗೆ ಐವತ್ತು ಸಾವಿರ ಬದಿಗಿಡಲು ಆಗದಿದ್ದರೆ, ಕಾರು ಒಂದು ದಿನ ನಿಂತರೂ ದುಡಿಮೆ ನಿಲ್ಲುವ ಹಾಗಿದ್ದರೆ ಪುಂಟೊ ಕೊಳ್ಳಬೇಡಿ. ಈ ಮೂರು ತೊಡಕೂ ಇಲ್ಲದವರು ಭಾವನ ಮಾತಿಗೆ ಹೆದರದೆ ಹೋಗಿ ಒಂದು ಕಾರು ಓಡಿಸಿ ನೋಡಿ. ಬೇಡ ಅನ್ನುವ ಭಾವನವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಬರುವಾಗ ಸ್ಟಿಯರಿಂಗ್ ಅವರ ಕೈಗೆ ಕೊಡಿ.